ವ್ಯಾಯಾಮ ಮಾಡುವ ಮಹಿಳೆಯರಲ್ಲಿ ಪೂರಕ ಪೋಷಕಗಳ ಬಳಕೆ: ಬಂಕಾಪುರ ಸೀಮೆಯ ಹಿನ್ನೆಲೆಯಲ್ಲಿ

ಪದಕಕ್ಕಾಗಿ ಅಲ್ಲ, ಆರೋಗ್ಯಕ್ಕಾಗಿ, ಮೈ ಹಗುರವಾಗಲೆಂದು, ಮನಸ್ಸಿಗೆ ಉಲ್ಲಾಸ ಸಿಗಲೆಂದು ನಡಿಗೆ, ಓಟ, ಯೋಗ, ಜುಂಬಾ, ಜಿಮ್ ಮುಂತಾದವನ್ನು ರೂಢಿಸಿಕೊಂಡ ಮಹಿಳೆಯರು ದಿನದ ಊಟದ ಜೊತೆಗೆ ತೆಗೆದುಕೊಳ್ಳುವ ಪ್ರೋಟೀನ್ ಪುಡಿ, ವಿಟಮಿನ್ ಮತ್ತು ಖನಿಜದ ಗುಳಿಗೆ, ಗಿಡಮೂಲಿಕೆಯ ಸಾರ ಇತ್ಯಾದಿಗಳಿಗೆ ಪೂರಕ ಪೋಷಕಗಳು ಎಂದು ಹೆಸರು. ಮಹಾನಗರಗಳಲ್ಲಿ ಆರಂಭವಾದ ಈ ಬಳಕೆ ಈಗ ತಾಲ್ಲೂಕು ಕೇಂದ್ರ, ಹೋಬಳಿ ಊರುಗಳವರೆಗೂ ಬಂದಿದೆ. ಹಾವೇರಿ ಜಿಲ್ಲೆಯ ಬಂಕಾಪುರ ಮತ್ತು ಅದರ ಸುತ್ತಲಿನ ಶಿಗ್ಗಾಂವಿ, ಹಾನಗಲ್ಲ, ಸವಣೂರು ತಾಲ್ಲೂಕುಗಳ ಊಟ ಮತ್ತು ದುಡಿಮೆಯ ಹಿನ್ನೆಲೆಯಲ್ಲಿ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಪದ ಮತ್ತು ವ್ಯಾಪ್ತಿ

ಕನ್ನಡದಲ್ಲಿ ‘ಪೂರಕ ಆಹಾರ’ ಎಂಬ ಮಾತಿಗೆ ಎರಡು ಅರ್ಥಗಳು ಮೊದಲೇ ನೆಲೆಯೂರಿವೆ. ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆ ಉಣಿಸುವ ಮೆತ್ತನೆಯ ಆಹಾರ ಒಂದು. ಅಂಗನವಾಡಿಯಿಂದ ಗರ್ಭಿಣಿ, ಬಾಣಂತಿ ಮತ್ತು ಮಕ್ಕಳಿಗೆ ಸಿಗುವ ಪೌಷ್ಟಿಕ ಆಹಾರ ಇನ್ನೊಂದು. ಇಲ್ಲಿನ ವಸ್ತು ಇವೆರಡಕ್ಕಿಂತ ಬೇರೆ. ಇದು ಪುಡಿ, ಗುಳಿಗೆ, ಕ್ಯಾಪ್ಸೂಲ್, ದ್ರವದ ರೂಪದಲ್ಲಿ, ಅಳತೆ ಗೊತ್ತುಮಾಡಿ ಮಾರುವ ಪೋಷಕಾಂಶ. ಆಡುಮಾತಿನಲ್ಲಿ ಇದನ್ನು ಸಪ್ಲಿಮೆಂಟ್, ಪೌಡರ್, ಟಾನಿಕ್, ತಾಕತ್ತಿನ ಗುಳಿಗಿ ಎಂದೆಲ್ಲ ಕರೆಯುವುದುಂಟು. ಭಾರತದ ಕಾನೂನು ಇದನ್ನು ಔಷಧವೆಂದು ಎಣಿಸುವುದಿಲ್ಲ, ಆಹಾರವೆಂದೇ ಎಣಿಸುತ್ತದೆ.

ವ್ಯಾಯಾಮ ಮತ್ತು ದುಡಿಮೆಯ ವ್ಯತ್ಯಾಸವನ್ನೂ ಗುರುತಿಸಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಹೊಲದಲ್ಲಿ ಕಳೆ ತೆಗೆಯುವ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಂಗಸು ಅಷ್ಟನ್ನು ಒಂದೇ ದಿನದಲ್ಲಿ ಮುಗಿಸುತ್ತಾಳೆ. ಅವಳಿಗೆ ಬೇಕಾಗಿರುವುದು ಹೊಟ್ಟೆ ತುಂಬ ಊಟ ಮತ್ತು ವಿಶ್ರಾಂತಿ. ಕುಳಿತು ಮಾಡುವ ಕೆಲಸದ ಶಿಕ್ಷಕಿ, ಬ್ಯಾಂಕ್ ನೌಕರೆ, ಅಂಗಡಿ ನೋಡಿಕೊಳ್ಳುವ ಗೃಹಿಣಿ ಮತ್ತು ಕಾಲೇಜು ಹುಡುಗಿಯರಿಗೆ ಮಾತ್ರ ವ್ಯಾಯಾಮಕ್ಕೆಂದೇ ಹೊತ್ತು ತೆಗೆಯಬೇಕಾಗುತ್ತದೆ. 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ, ಪುರುಷರಲ್ಲಿ ಶೇ. 42ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅಂದಾಜಿಸಿದ್ದಾರೆ. ಆದ್ದರಿಂದ ನಸುಕಿನಲ್ಲಿ ಬೂಟು ಹಾಕಿಕೊಂಡು ಹೊರಡುವ ಪ್ರತಿಯೊಬ್ಬ ಮಹಿಳೆಯ ಹೆಜ್ಜೆಯೂ ಸ್ವಾಗತಾರ್ಹ. ಪೂರಕಗಳ ಚರ್ಚೆ ಆ ಉತ್ಸಾಹವನ್ನು ಕುಗ್ಗಿಸಬಾರದು.

ಸೀಮೆ ಮತ್ತು ಅದರ ಊಟ

ಬಂಕಾಪುರವು ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಶನ ಹೆಸರು ಹೊತ್ತ ಊರು. ಕೋಟೆಯೊಳಗಿನ ನಗರೇಶ್ವರ ದೇವಸ್ಥಾನ, ಅಂದರೆ ಅರವತ್ತು ಕಂಬದ ಗುಡಿ, ಮತ್ತು ನವಿಲುಧಾಮ ಇದರ ಗುರುತುಗಳು. ಮುಂಬಯಿ ಪ್ರಾಂತದ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕಿಗೇ ಬಂಕಾಪುರ ಎಂಬ ಹೆಸರಿತ್ತು. ಈಗ ಇದು 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದೆ. ಊರು ಪುಣೆ–ಬೆಂಗಳೂರು ಹೆದ್ದಾರಿಗೆ ಸಮೀಪದಲ್ಲಿದೆ.

ಮಲೆನಾಡಿನ ಸೆರಗು ಮತ್ತು ಬಯಲುಸೀಮೆ ಕೂಡುವ ಜಾಗ ಇದು. ಹಾನಗಲ್ಲಿನ ಕಡೆ ಭತ್ತ, ಸವಣೂರಿನ ಕಡೆ ಜೋಳ, ಶೇಂಗಾ, ಹತ್ತಿ, ಮೆಣಸಿನಕಾಯಿ ಬೆಳೆಯುತ್ತವೆ. ಈಚಿನ ದಶಕಗಳಲ್ಲಿ ಎಲ್ಲೆಡೆ ಗೋವಿನಜೋಳ ಹಬ್ಬಿದೆ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು, ಶೇಂಗಾ ಚಟ್ನಿ, ಗುರೆಳ್ಳು ಮತ್ತು ಅಗಸಿ ಚಟ್ನಿ, ಮೊಸರು, ಮೇಲೊಂದಿಷ್ಟು ಅನ್ನ–ಸಾರು, ಇದು ಇಲ್ಲಿಯ ರೂಢಿಯ ಊಟ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಅದು ಹೇರಳ. ರೊಟ್ಟಿಯ ಜೊತೆ ಕಾಳು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಗಸಿಯಲ್ಲಿ ಸಸ್ಯಮೂಲದ ಒಮೆಗಾ–3 ಕೊಬ್ಬು ಇದೆ. ಆದರೆ ಮಾರಾಟಕ್ಕೆಂದೇ ಬೆಳೆಯುವ ಗೋವಿನಜೋಳ ಹೊಲವನ್ನು ತುಂಬಿದಂತೆ ಅಕ್ಕಡಿಯಲ್ಲಿ ಬರುತ್ತಿದ್ದ ಹೆಸರು, ಅಲಸಂದಿ, ಮಡಕಿಗೆ ಜಾಗ ಕಿರಿದಾಗಿದೆ. ಹೊಲದಿಂದ ಮನೆಗೆ ಬರುತ್ತಿದ್ದ ಕಾಳನ್ನು ಸಂತೆಯಿಂದ ಕೊಳ್ಳಬೇಕಾದಾಗ ಮೊದಲು ಬರಿದಾಗುವುದು ಹೆಂಗಸಿನ ತಾಟು, ಏಕೆಂದರೆ ಮನೆಮಂದಿಯೆಲ್ಲ ಉಂಡ ಮೇಲೆ ಉಣ್ಣುವವಳು ಅವಳು.

ಇತಿಹಾಸ

ದೇಹ ದಂಡಿಸುವವರಿಗೆ ವಿಶೇಷ ಊಟ ಬೇಕೆಂಬ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಅಭ್ಯಾಸದ ಜೊತೆಗೆ ಅವರ ಆಹಾರದ ಪ್ರಸ್ತಾಪವೂ ಬರುತ್ತದೆ. ಗರಡಿಮನೆಯ ಪೈಲ್ವಾನರಿಗೆ ಹಾಲು, ತುಪ್ಪ, ಅರೆದ ಬಾದಾಮಿ, ನೆನೆಸಿದ ಕಡಲೆ ಕೊಡುವ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಗರಡಿ ಮಾತ್ರ ಗಂಡಸರ ಜಾಗವಾಗಿತ್ತು. ಹಳಿಯಾಳ, ಗದಗಗಳ ಹೆಣ್ಣುಮಕ್ಕಳು ಕುಸ್ತಿಯಲ್ಲಿ ಹೆಸರು ಮಾಡಿದ್ದು ಈಚೆಗೆ.

ಹೆಂಗಸಿಗೆ ವಿಶೇಷ ಪೋಷಣೆ ಸಿಗುತ್ತಿದ್ದುದು ಬಸಿರು ಮತ್ತು ಬಾಣಂತನದಲ್ಲಿ. ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ, ತುಪ್ಪ ಸೇರಿಸಿ ಕಟ್ಟಿದ ಅಂಟಿನುಂಡಿ, ಅಳವಿ ಬೀಜದ ಪಾಯಸ, ಮೆಂತ್ಯದ ಉಂಡಿ ಆ ದಿನಗಳ ಪೂರಕಗಳು. ತವರುಮನೆ ಅಕ್ಕರೆಯಿಂದ ಕಟ್ಟಿಕೊಡುವ ಆ ಉಂಡಿಯ ಹಿಂದೆ ನಷ್ಟವಾದ ಶಕ್ತಿಯನ್ನು ಮರಳಿ ತುಂಬುವ ಸ್ಪಷ್ಟ ಲೆಕ್ಕವಿದೆ. ಆದರೆ ಆ ಅಕ್ಕರೆ ಕೂಸಿನ ನೆವದಿಂದ ಬಂದು, ಬಾಣಂತನದೊಂದಿಗೆ ಮುಗಿಯುತ್ತಿತ್ತು.

1912ರಲ್ಲಿ ಕಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರು ಕೊಟ್ಟ ಮೇಲೆ ಆಹಾರದ ಸೂಕ್ಷ್ಮಾಂಶಗಳನ್ನು ಗುಳಿಗೆಯಲ್ಲಿ ಕೊಡುವ ದಾರಿ ತೆರೆಯಿತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟನ್ನು 75:25ರ ಪ್ರಮಾಣದಲ್ಲಿ ಬೆರೆಸಿ, ವಿಟಮಿನ್ ಮತ್ತು ಖನಿಜ ಸೇರಿಸಿ ‘ಬಹೂಪಯೋಗಿ ಆಹಾರ’ವನ್ನು ರೂಪಿಸಿತು. ಬಡವರ ಊಟದ ಪ್ರೋಟೀನ್ ಕೊರತೆ ನೀಗಿಸಲು ಹುಟ್ಟಿದ ಈ ಪುಡಿ ಇಂದಿನ ಪ್ರೋಟೀನ್ ಡಬ್ಬಿಗಳ ಪೂರ್ವಜ ಎನ್ನಬಹುದು. ಜಾಗತಿಕವಾಗಿ ಈ ಉದ್ಯಮ ದೊಡ್ಡದಾಗಲು 1994ರ ಅಮೆರಿಕದ ಕಾನೂನು ಕಾರಣ. ಮಾರುಕಟ್ಟೆಗೆ ಬರುವ ಮೊದಲೇ ಪರಿಣಾಮ ಮತ್ತು ಸುರಕ್ಷತೆಯನ್ನು ಸರ್ಕಾರದ ಮುಂದೆ ಸಾಬೀತುಪಡಿಸಬೇಕೆಂಬ ಹೊರೆ ಈ ಉತ್ಪನ್ನಗಳಿಗೆ ಅಲ್ಲಿ ಇಲ್ಲವಾಯಿತು.

ಬಳಕೆಯ ಸ್ವರೂಪ

ಅಮೆರಿಕದ 2017–18ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಹಿಂದಿನ 30 ದಿನಗಳಲ್ಲಿ ಯಾವುದಾದರೂ ಪೂರಕ ತೆಗೆದುಕೊಂಡಿದ್ದ ಮಹಿಳೆಯರು ಶೇ. 63.8, ಪುರುಷರು ಶೇ. 50.8. ಬೇರೆ ದೇಶಗಳ ಅಧ್ಯಯನಗಳಲ್ಲೂ ಒಂದು ಸಾಮಾನ್ಯ ಚಿತ್ರ ಕಾಣುತ್ತದೆ: ಗಂಡಸರು ಪ್ರೋಟೀನ್, ಕ್ರಿಯೇಟಿನ್ ಕಡೆ ವಾಲಿದರೆ ಹೆಂಗಸರು ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಗಿಡಮೂಲಿಕೆ ಮತ್ತು ತೂಕ ಇಳಿಸುವ ಉತ್ಪನ್ನಗಳ ಕಡೆ ವಾಲುತ್ತಾರೆ.

ಮಹಿಳೆಯರು ಹೇಳುವ ಕಾರಣಗಳಲ್ಲಿ ದಣಿವು, ಕೂದಲು ಉದುರುವುದು, ಮೊಣಕಾಲು ಮತ್ತು ಸೊಂಟದ ನೋವು, ಹೆರಿಗೆಯ ನಂತರ ಏರಿದ ತೂಕ, ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು, ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಮುಖ್ಯ. ಪೊಲೀಸ್ ಮತ್ತು ಸೇನಾ ನೇಮಕಾತಿಯ ಓಟಕ್ಕೆ ಅಭ್ಯಾಸ ಮಾಡುವ ಯುವತಿಯರದು ಬೇರೆಯೇ ಗುಂಪು. ಅವರು ಗೆಲ್ಲಬೇಕಾದದ್ದು ಪದಕವಲ್ಲ, ನೌಕರಿ. ಕೆಲವು ತಿಂಗಳಲ್ಲಿ ಕಾಲಿಗೆ ಬಲ ಬರಬೇಕೆಂಬ ಅವಸರ ಇವರನ್ನು ಬೇಗ ಡಬ್ಬಿಯ ಕಡೆ ಒಯ್ಯುತ್ತದೆ.

ಸಲಹೆ ಬರುವುದು ಹೆಚ್ಚಾಗಿ ಜಿಮ್ ತರಬೇತುದಾರ, ಗೆಳತಿ, ಮೊಬೈಲಿನ ವಿಡಿಯೊ ಮತ್ತು ನೇರ ಮಾರಾಟದ ಜಾಲಗಳಿಂದ. ನೇರ ಮಾರಾಟದಲ್ಲಿ ಕೊಳ್ಳುವವಳೇ ಮಾರುವವಳೂ ಆಗುತ್ತಾಳೆ. ಪರಿಚಿತರ ಬಾಯಿಂದ ಬಂದ ಮಾತಿಗೆ ಸಣ್ಣ ಊರಲ್ಲಿ ತೂಕ ಹೆಚ್ಚು, ಬೇಡವೆನ್ನುವುದು ಕಷ್ಟ. ಸರಪಳಿ ಮಾದರಿಯ ಪಿರಮಿಡ್ ಯೋಜನೆಗಳನ್ನು 2021ರ ಗ್ರಾಹಕ ಸಂರಕ್ಷಣಾ (ನೇರ ಮಾರಾಟ) ನಿಯಮಗಳು ನಿಷೇಧಿಸಿವೆ.

ಕೊರತೆ ಎಲ್ಲಿದೆ

ಯಾವುದನ್ನು ತುಂಬಬೇಕು ಎಂದು ಗೊತ್ತಾಗಬೇಕಾದರೆ ಯಾವುದು ಬರಿದಾಗಿದೆ ಎಂದು ಮೊದಲು ತಿಳಿಯಬೇಕು. ಕರ್ನಾಟಕದ ಮಹಿಳೆಯರಲ್ಲಿ ಎದ್ದು ಕಾಣುವ ಕೊರತೆ ಕಬ್ಬಿಣದ್ದು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ಕರ್ನಾಟಕದಲ್ಲಿ ಶೇ. 47.8, ಇಡೀ ಭಾರತದಲ್ಲಿ ಶೇ. 57. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಒಂದು ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದು ದೇಹದ ಕಬ್ಬಿಣದ ದಾಸ್ತಾನು ಮಾತ್ರ ಬರಿದಾಗಿರುವುದೂ ಉಂಟು. ಫೆರಿಟಿನ್ ಪರೀಕ್ಷೆ ಅದನ್ನು ತೋರಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಓಟದಲ್ಲಿ ಬೇಗ ಸೋಲು, ಸದಾ ಸುಸ್ತು ಇರುವ ಅನೇಕರ ತೊಂದರೆಯ ಮೂಲ ಇಲ್ಲಿರುತ್ತದೆ. ಅದಕ್ಕೆ ಪ್ರೋಟೀನ್ ಪುಡಿ ಕುಡಿದರೆ ಫಲವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಮಾಡಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಪುರುಷನಿಗೆ 19 ಮಿಲಿಗ್ರಾಂ. ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತ ಈ ಅಂತರಕ್ಕೆ ಕಾರಣ. ಊಟದ ಜೊತೆಗೇ ಕುಡಿಯುವ ಚಹಾ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಲಿಂಬೆ, ನೆಲ್ಲಿ, ಪೇರಲದ ಸಿ ವಿಟಮಿನ್ ಹೀರಿಕೆಗೆ ನೆರವಾಗುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ನುಂಗಬಾರದು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವು ಹದಿಹರೆಯದವರಿಗೆ ನೀಲಿ, 20ರಿಂದ 49 ವರ್ಷದ ಮಹಿಳೆಯರಿಗೆ ಕೆಂಪು ಬಣ್ಣದ ಗುಳಿಗೆಯನ್ನು ಗೊತ್ತುಮಾಡಿತು. ವಾರಕ್ಕೊಂದು ತೆಗೆದುಕೊಳ್ಳುವ ಇವುಗಳಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಹೆಚ್ಚು ಫಲ ಕೊಡಬಲ್ಲ ಪೂರಕವೊಂದು ಹೀಗೆ ಸರ್ಕಾರಿ ವ್ಯವಸ್ಥೆಯಲ್ಲೇ ಉಚಿತವಾಗಿ ಇರುವಾಗ, ಅದನ್ನು ಕಡೆಗಣಿಸಿ ದುಬಾರಿ ಡಬ್ಬಿಗೆ ಹಣ ಸುರಿಯುವುದು ನೋವಿನ ಸಂಗತಿ.

ಎರಡನೆಯದು ಬಿ12. ಇದು ಹಾಲು, ಮೊಟ್ಟೆ, ಮಾಂಸ, ಮೀನುಗಳಂಥ ಪ್ರಾಣಿಮೂಲದ ಆಹಾರದಲ್ಲಿ ಸಿಗುತ್ತದೆ. ಸಸ್ಯಾಹಾರಿ ಮನೆಯಲ್ಲಿ ಹಾಲು–ಮೊಸರೂ ಕಡಿಮೆಯಾದರೆ ಕೊರತೆ ಬೇಗ ಬರುತ್ತದೆ. ಕೈಕಾಲು ಜೋಮು ಹಿಡಿಯುವುದು, ಮರೆವು, ದಣಿವು ಅದರ ಲಕ್ಷಣಗಳು. ಮೂರನೆಯದು ಡಿ ವಿಟಮಿನ್. ಬಿಸಿಲಿಗೆ ಬರವಿಲ್ಲದ ನಾಡಿನಲ್ಲೂ ಮನೆ, ಕಚೇರಿಯೊಳಗೇ ದಿನ ಕಳೆಯುವವರಲ್ಲಿ ಇದರ ಕೊರತೆ ಸಾಮಾನ್ಯ. ದಿನದ ಅಗತ್ಯ 600 ಯೂನಿಟ್. ಔಷಧಿ ಅಂಗಡಿಯಲ್ಲಿ ಸಿಗುವ 60,000 ಯೂನಿಟ್‌ನ ಪೊಟ್ಟಣವು ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಬೇಕಾದ ಚಿಕಿತ್ಸೆ. ತಿಂಗಳುಗಟ್ಟಲೆ ತಾವೇ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಮೂಲಭೂತವಾದ ಶಕ್ತಿಯ, ಅಂದರೆ ಕ್ಯಾಲೊರಿಯ ಕೊರತೆ. ಕುಳಿತು ಕೆಲಸ ಮಾಡುವ ಮಹಿಳೆಗೆ ದಿನಕ್ಕೆ 1660, ಮಧ್ಯಮ ದುಡಿಮೆಯವಳಿಗೆ 2130, ಭಾರೀ ದುಡಿಮೆಯವಳಿಗೆ 2720 ಕಿಲೋಕ್ಯಾಲೊರಿ ಬೇಕೆಂದು ಲೆಕ್ಕ. ತೂಕ ಇಳಿಸುವ ಹಟದಲ್ಲಿ ಊಟ ಬಿಟ್ಟು, ವಾರದ ಉಪವಾಸ ಮತ್ತು ಶ್ರಾವಣದ ಒಪ್ಪತ್ತಿನ ಜೊತೆ ವ್ಯಾಯಾಮವನ್ನೂ ಹೆಚ್ಚಿಸಿದರೆ ದೇಹ ತನ್ನ ಖರ್ಚನ್ನು ಕಡಿತ ಮಾಡತೊಡಗುತ್ತದೆ. ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಗಾಯ ಬೇಗ ಮಾಯುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿ ಕೊರತೆ ಎಂದು ಹೆಸರಿಸಿತು. ಹವ್ಯಾಸಕ್ಕೆ ವ್ಯಾಯಾಮ ಮಾಡುವವರಲ್ಲೂ ಇದು ಬರಬಹುದು. ಮುಟ್ಟು ನಿಂತದ್ದನ್ನು ವ್ಯಾಯಾಮ ಫಲಿಸಿದ ಗುರುತೆಂದು ತಿಳಿಯುವುದು ಅಪಾಯಕರ. ಅದು ಕೂಡಲೇ ವೈದ್ಯರನ್ನು ಕಾಣಬೇಕಾದ ಲಕ್ಷಣ.

ಪ್ರೋಟೀನ್: ತಾಟಿನ ಲೆಕ್ಕ

ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಇದು ಸುಮಾರು 46 ಗ್ರಾಂ. ಭಾರತೀಯರ ಪ್ರೋಟೀನ್ ಮತ್ತು ಲೈಸಿನ್ ಅಗತ್ಯವನ್ನು ಅಳೆಯುವಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ಕೆಲಸ ಮಹತ್ವದ್ದು. ಭಾರ ಎತ್ತುವ ಅಥವಾ ದೂರ ಓಡುವ ಅಭ್ಯಾಸ ನಿಯಮಿತವಾಗಿದ್ದರೆ ಕಿಲೋ ತೂಕಕ್ಕೆ 1.2 ಗ್ರಾಂನಿಂದ ಮೇಲಕ್ಕೆ ಬೇಕೆಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. ಆಗ ಅದೇ ಮಹಿಳೆಗೆ 66 ಗ್ರಾಂ ಆಗುತ್ತದೆ. ದಿನಕ್ಕೆ ಅರ್ಧ ಗಂಟೆ ನಡೆಯುವವಳಿಗೆ ಅಷ್ಟು ಬೇಕಿಲ್ಲ.

ಬಂಕಾಪುರ ಸೀಮೆಯ ಊಟದಲ್ಲಿ ಈ ಲೆಕ್ಕವನ್ನು ಕೂಡಿಸಬಹುದು. 120 ಗ್ರಾಂ ಹಿಟ್ಟಿನ ಎರಡು ಜೋಳದ ರೊಟ್ಟಿಯಲ್ಲಿ 12 ಗ್ರಾಂ, 40 ಗ್ರಾಂ ಕಾಳಿನ ಪಲ್ಯದಲ್ಲಿ 9 ಗ್ರಾಂ, 25 ಗ್ರಾಂ ತೊಗರಿಬೇಳೆಯಲ್ಲಿ 5 ಗ್ರಾಂ, 20 ಗ್ರಾಂ ಶೇಂಗಾದ ಚಟ್ನಿಯಲ್ಲಿ 5 ಗ್ರಾಂ, 60 ಗ್ರಾಂ ಅಕ್ಕಿಯ ಅನ್ನದಲ್ಲಿ 5 ಗ್ರಾಂ, ಹಾಲು–ಮೊಸರು ಸೇರಿ 400 ಮಿಲಿಲೀಟರಿನಲ್ಲಿ 13 ಗ್ರಾಂ ಪ್ರೋಟೀನ್ ಇರುತ್ತದೆ. ಒಟ್ಟು 49 ಗ್ರಾಂ. ಅದಕ್ಕೆ ಎರಡು ಮೊಟ್ಟೆ, ಅಥವಾ ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ತುಣುಕು ಸೇರಿಸಿದರೆ 62 ಗ್ರಾಂ, ಮೇಲೊಂದು ಶೇಂಗಾ ಉಂಡಿ ತಿಂದರೆ 66ರ ಹತ್ತಿರ ಬರುತ್ತದೆ. ಇದೇ ತಾಟಿನಿಂದ ಕಾಳು ಮತ್ತು ಹಾಲು–ಮೊಸರನ್ನು ತೆಗೆದರೆ ಉಳಿಯುವುದು 27 ಗ್ರಾಂ. ಕೊರತೆ ಹುಟ್ಟುವುದು ಇಂಥ ತಾಟಿನಲ್ಲಿ.

ವೇ ಪ್ರೋಟೀನ್ ಎಂಬುದು ಹಾಲು ಒಡೆದು ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ ತೆಗೆದ ಪುಡಿ. ಒಂದು ಅಳತೆ ಚಮಚದಲ್ಲಿ ಸಾಮಾನ್ಯವಾಗಿ 20–25 ಗ್ರಾಂ ಪ್ರೋಟೀನ್ ಇರುತ್ತದೆ. ಬೇಗ ಜೀರ್ಣವಾಗುತ್ತದೆ, ಸ್ನಾಯು ಬೆಳವಣಿಗೆಗೆ ಬೇಕಾದ ಲ್ಯೂಸಿನ್ ಇದರಲ್ಲಿ ಹೆಚ್ಚು. ಹೊತ್ತಿಗೆ ಸರಿಯಾಗಿ ಉಣ್ಣಲಾಗದವರಿಗೆ, ಭಾರ ಎತ್ತುವ ಅಭ್ಯಾಸವಿರುವವರಿಗೆ ಅನುಕೂಲವೂ ಹೌದು. ಆದರೆ ಮಾಂಸಖಂಡ ಕಟ್ಟುವುದು ವ್ಯಾಯಾಮ. ಅದಿಲ್ಲದೆ ಕುಡಿದ ಪುಡಿ ಬರೀ ಕ್ಯಾಲೊರಿಯಾಗುತ್ತದೆ. 2024ರ ಮೇ ತಿಂಗಳಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಮೈಕಟ್ಟು ಬೆಳೆಸಲು ಪ್ರೋಟೀನ್ ಪೂರಕ ಬಳಸುವುದು ಬೇಡವೆಂದು ಸಲಹೆ ಮಾಡಿತು. ಅದೇ ವರ್ಷ ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಶೇ. 70ರಲ್ಲಿ ಚೀಟಿಯ ಮೇಲಿನ ಪ್ರೋಟೀನ್ ಮಾಹಿತಿ ತಪ್ಪಾಗಿತ್ತು, ಶೇ. 14ರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷವಿತ್ತು. ಒಂದು ಕಿಲೋ ವೇ ಪುಡಿಗೆ ಎರಡು ಸಾವಿರ ರೂಪಾಯಿ ಇಲ್ಲವೇ ಅದಕ್ಕೂ ಹೆಚ್ಚು ತೆರುವ ಕುಟುಂಬಕ್ಕೆ ಇದು ಗಂಭೀರ ಮಾತು.

ಕ್ರಿಯೇಟಿನ್ ಮತ್ತು ಕೆಫೀನ್

ಮಾರುಕಟ್ಟೆಯ ನೂರಾರು ಉತ್ಪನ್ನಗಳಲ್ಲಿ ದೈಹಿಕ ಸಾಮರ್ಥ್ಯ ಹೆಚ್ಚಿಸಬಲ್ಲವು ಎಂಬುದಕ್ಕೆ ಗಟ್ಟಿ ಪುರಾವೆ ಇರುವುದು ಬೆರಳೆಣಿಕೆಯವಕ್ಕೆ. ಒಲಿಂಪಿಕ್ ಸಮಿತಿಯ 2018ರ ಹೇಳಿಕೆ ಕೆಫೀನ್, ಕ್ರಿಯೇಟಿನ್, ನೈಟ್ರೇಟ್, ಬೀಟಾ–ಅಲನಿನ್, ಅಡುಗೆ ಸೋಡಾದ ಬೈಕಾರ್ಬೊನೇಟ್ ಈ ಐದನ್ನು ಹೆಸರಿಸುತ್ತದೆ. ಕ್ರಿಯೇಟಿನ್ ಮಾಂಸ, ಮೀನುಗಳಲ್ಲಿ ಸಿಗುವ ವಸ್ತು. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದರ ದಾಸ್ತಾನು ಕಡಿಮೆ. ದಿನಕ್ಕೆ 3–5 ಗ್ರಾಂ ತೆಗೆದುಕೊಂಡರೆ ಭಾರ ಎತ್ತುವುದು, ಚಿಕ್ಕ ಓಟದಂಥ ತುಸು ಹೊತ್ತಿನ ಜೋರಿನ ಕೆಲಸಕ್ಕೆ ನೆರವಾಗುತ್ತದೆ. ಸ್ನಾಯುವಿನಲ್ಲಿ ನೀರು ಸೇರುವುದರಿಂದ ಆರಂಭದಲ್ಲಿ ತೂಕ ತುಸು ಏರಬಹುದು. ಆರೋಗ್ಯವಂತರಿಗೆ ಈ ಪ್ರಮಾಣ ಸುರಕ್ಷಿತವೆಂದು ಕಂಡುಬಂದಿದೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ವ್ಯಾಯಾಮಕ್ಕೆ ಮೊದಲು ಕುಡಿಯುವ ‘ಪ್ರೀ–ವರ್ಕೌಟ್’ ಪುಡಿಗಳ ಮುಖ್ಯ ಅಂಶ ಕೆಫೀನ್. ದಿನವಿಡೀ ಚಹಾ ಕುಡಿಯುವ ಊರಲ್ಲಿ ಅದರ ಮೇಲೆ ಇದೂ ಸೇರಿದರೆ ಎದೆಬಡಿತ, ನಿದ್ದೆಗೇಡು, ಕಳವಳ ಹೆಚ್ಚುತ್ತವೆ. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿರುವುದು ಒಳ್ಳೆಯದು.

ತೆಳ್ಳಗಾಗಿಸುವ ಉತ್ಪನ್ನಗಳು ಮತ್ತು ಉಪ್ಪಾಗೆ

ಮಹಿಳೆಯರನ್ನೇ ಗುರಿಯಾಗಿಸಿ ಹೆಚ್ಚು ಮಾರುವ, ಹೆಚ್ಚು ಅಪಾಯವಿರುವ ಗುಂಪು ಇದು. ಇದರ ಒಂದು ಪ್ರಸಿದ್ಧ ಉದಾಹರಣೆ ಹಾನಗಲ್ಲಿನ ಆಚೆಯ ಘಟ್ಟದ ಕಾಡಿನಲ್ಲೇ ಬೆಳೆಯುತ್ತದೆ. ‘ಗಾರ್ಸೀನಿಯಾ ಕ್ಯಾಂಬೋಜಿಯಾ’ ಎಂಬ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಮಾರಾಟವಾಗುವ ಸಾರದ ಮೂಲ ಉತ್ತರ ಕನ್ನಡದವರು ಸಿಪ್ಪೆ ಒಣಗಿಸಿ ಹುಳಿಗೆ ಬಳಸುವ, ಬೀಜದಿಂದ ತುಪ್ಪ ತೆಗೆಯುವ ಉಪ್ಪಾಗೆ. ಅದರ ಹುಳಿಯಲ್ಲಿ ಮುಖ್ಯವಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಆಮ್ಲ ಕೊಬ್ಬು ತಯಾರಾಗುವುದನ್ನು ತಡೆದದ್ದು ಕಂಡಮೇಲೆ ಅದಕ್ಕೆ ದೊಡ್ಡ ಮಾರುಕಟ್ಟೆ ತೆರೆಯಿತು. ಆದರೆ 1998ರಲ್ಲಿ ಪ್ರಕಟವಾದ, 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಈ ಸಾರ ತೆಗೆದುಕೊಂಡವರಿಗೂ ಹುಸಿ ಗುಳಿಗೆ ತೆಗೆದುಕೊಂಡವರಿಗೂ ತೂಕ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮುಂದೆ ಇದು ಸೇರಿದ ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾದವು. ಸಾರಿಗೆ ಹಾಕುವ ಎರಡು ಒಣ ಸಿಪ್ಪೆಯೂ ಕ್ಯಾಪ್ಸೂಲಿನಲ್ಲಿ ಹಿಂಡಿಟ್ಟ ಸಾರವೂ ಒಂದೇ ಅಲ್ಲ.

ಹಸಿರು ಚಹಾದ್ದೂ ಇದೇ ಕಥೆ. ಲೋಟದಲ್ಲಿ ಕುಡಿದರೆ ಅದು ಪಾನೀಯ. ಅದರ ಸಾರವನ್ನು ಗುಳಿಗೆಯಾಗಿ, ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿ ಎಂಬ ಅದರ ಮುಖ್ಯ ಅಂಶ ಸೇರುವಂತೆ ತೆಗೆದುಕೊಂಡರೆ ಯಕೃತ್ತಿಗೆ ಪೆಟ್ಟಾಗುವ ಲಕ್ಷಣಗಳನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಗುರುತಿಸಿದೆ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್ ಎಂಬ ಔಷಧವನ್ನು ‘ನೈಸರ್ಗಿಕ’ ಹೆಸರಿನ ತೆಳ್ಳಗಾಗಿಸುವ ಉತ್ಪನ್ನಗಳಲ್ಲಿ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ.

ಗಿಡಮೂಲಿಕೆ ಮತ್ತು ಸೌಂದರ್ಯದ ಪೂರಕಗಳು

ಅಶ್ವಗಂಧ, ಅಂದರೆ ಹಿರೇಮದ್ದು, ಮತ್ತು ಹಲವು ಮಕ್ಕಳ ತಾಯಿ ಬೇರು ಎಂದು ಹೆಸರಾದ ಶತಾವರಿಯನ್ನು ನಾಡವೈದ್ಯರು ಮೊದಲಿನಿಂದ ಬಳಸಿದ್ದಾರೆ. ಅವರು ರೋಗಿಯ ಮೈ ನೋಡಿ, ಇಷ್ಟು ದಿನವೆಂದು ಹೇಳಿ ಕೊಡುತ್ತಿದ್ದರು. ಅದೇ ಬೇರಿನ ಸಾರವನ್ನು ವರ್ಷವಿಡೀ ಕೇಳುವವರಿಲ್ಲದೆ ನುಂಗುವುದು ಬೇರೆ ಮಾತು. ಅಶ್ವಗಂಧದಿಂದ ಯಕೃತ್ತಿನ ತೊಂದರೆ ಬಂದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ, 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಗರ್ಭಿಣಿಯರು ಮತ್ತು ಥೈರಾಯ್ಡ್ ಔಷಧ ತೆಗೆದುಕೊಳ್ಳುವವರು ಅದರಿಂದ ದೂರವಿರಬೇಕು.

ಕೂದಲಿಗೆಂದು ಮಾರುವ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿ ಇದ್ದರೆ ಥೈರಾಯ್ಡ್ ಮತ್ತು ಹೃದಯಾಘಾತ ಪತ್ತೆಯ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಈ ಎಚ್ಚರಿಕೆ ನೀಡಿತು. ಚರ್ಮ ಮತ್ತು ಕೀಲಿಗೆಂದು ಮಾರುವ ಕೊಲಾಜೆನ್ ಪ್ರಾಣಿಯ ಚರ್ಮ, ಮೂಳೆ ಅಥವಾ ಮೀನಿನಿಂದ ಬರುತ್ತದೆ. ಅನೇಕ ಕ್ಯಾಪ್ಸೂಲುಗಳ ಹೊರಕವಚವೂ ಪ್ರಾಣಿಮೂಲದ ಜಿಲೆಟಿನ್. ಸಸ್ಯಾಹಾರದ ನೇಮವಿರುವ ಮನೆಯವರು ಹಸಿರು ಚುಕ್ಕೆಯನ್ನು, ಮುಸ್ಲಿಂ ಮನೆಯವರು ಹಲಾಲ್ ಗುರುತನ್ನು ನೋಡಿಯೇ ಕೊಳ್ಳಬೇಕಾಗುತ್ತದೆ.

ಕಾನೂನು ಮತ್ತು ಗ್ರಾಹಕರ ರಕ್ಷಣೆ

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಆರೋಗ್ಯ ಪೂರಕಗಳಿಗಾಗಿ 2016ರಲ್ಲಿ ರೂಪಿಸಿದ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. ಚೀಟಿಯ ಮೇಲೆ ‘ಹೆಲ್ತ್ ಸಪ್ಲಿಮೆಂಟ್’ ಎಂಬ ಮಾತು, ಔಷಧವಾಗಿ ಬಳಸುವುದಕ್ಕಲ್ಲ ಎಂಬ ಎಚ್ಚರಿಕೆ, ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಗುರುತಿನೊಂದಿಗೆ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ರೋಗ ವಾಸಿ ಮಾಡುತ್ತದೆಂದು ಹೇಳಿಕೊಳ್ಳುವಂತಿಲ್ಲ. ಆಯುರ್ವೇದ ಔಷಧಗಳಿಗೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಬೇರೆ ಪರವಾನಗಿ ಇದೆ. ಚೀಟಿ, ಬಿಲ್ಲು ಎರಡೂ ಇಲ್ಲದೆ, ಸಣ್ಣ ಪೊಟ್ಟಣಗಳಿಗೆ ಬಿಡಿಯಾಗಿ ತುಂಬಿ ಕೊಡುವ ಪುಡಿಯನ್ನು ಕೊಳ್ಳಲೇಬಾರದು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಬಳಕೆಯ ಕ್ರಮ

ವೈದ್ಯರೂ ಆಹಾರ ತಜ್ಞರೂ ಹೇಳುವ ಕ್ರಮ ಸರಳವಾಗಿದೆ. ಮೊದಲು ಊಟ: ಮೂರು ಹೊತ್ತು, ಕಾಳು, ಸೊಪ್ಪು, ಹಾಲು ಅಥವಾ ಮೊಸರು ತಪ್ಪದಂತೆ. ಎರಡನೆಯದು ಪರೀಕ್ಷೆ: ಹಿಮೋಗ್ಲೋಬಿನ್, ದಣಿವಿದ್ದರೆ ಫೆರಿಟಿನ್, ಬಿ12, ಡಿ, ಥೈರಾಯ್ಡ್. ಮೂರನೆಯದು ಕಂಡುಬಂದ ಕೊರತೆಗೆ ಮಾತ್ರ, ಗೊತ್ತಾದ ಪ್ರಮಾಣದಲ್ಲಿ, ಗೊತ್ತಾದ ಅವಧಿಗೆ ಗುಳಿಗೆ. ಪ್ರೋಟೀನ್ ಪುಡಿ, ಕ್ರಿಯೇಟಿನ್‌ಗಳ ಸರದಿ ಇದಾದ ಮೇಲೆ, ಅದೂ ಭಾರ ಎತ್ತುವಂಥ ಅಭ್ಯಾಸ ನಿಯಮಿತವಾಗಿದ್ದರೆ. ತೆಳ್ಳಗಾಗಿಸುವ ಗುಳಿಗೆಗಳಿಗೆ ಈ ಸಾಲಿನಲ್ಲಿ ಜಾಗವಿಲ್ಲ. ವೈದ್ಯರ ಬಳಿ ಹೋದಾಗ ತೆಗೆದುಕೊಳ್ಳುತ್ತಿರುವ ಎಲ್ಲ ಪೂರಕಗಳ ಹೆಸರನ್ನು ಮುಚ್ಚಿಡದೆ ಹೇಳಬೇಕು.

ಈ ಸೀಮೆಯಲ್ಲಿ ಹೆಂಗಸಿಗಾಗಿ ಉಂಡಿ ಕಟ್ಟುವ ರೂಢಿ ಹಳೆಯದು. ಅವಳಿಗೆ ಹೆಚ್ಚಿನ ಪೋಷಣೆ ಬೇಕೆಂಬುದನ್ನು ಮನೆಗಳು ಬಲ್ಲವು. ಆದರೆ ಅದನ್ನು ತಾಯ್ತನದ ದಿನಗಳಿಗೆ ಮಾತ್ರ ಕೊಟ್ಟಿವೆ. ತನ್ನ ಮೈಗಾಗಿ ದಿನಕ್ಕೊಂದು ಗಂಟೆ ತೆಗೆದಿಟ್ಟ ಮಹಿಳೆ ಮೊದಲು ಕೇಳುತ್ತಿರುವುದು ಡಬ್ಬಿಯನ್ನಲ್ಲ, ಬಾಣಂತನದ ಹೊರಗಿನ ದಿನಗಳಲ್ಲೂ ತನ್ನ ಪಾಲಿನ ಕಾಳು ಮತ್ತು ಹಾಲನ್ನು. ಅವಳೂ ಮನೆಮಂದಿಯ ಜೊತೆಗೇ ಊಟಕ್ಕೆ ಕೂಡುವ ಮನೆಯಲ್ಲಿ ಪೂರಕಗಳ ಪಟ್ಟಿ ಚಿಕ್ಕದಾಗಿರುತ್ತದೆ.